ಲಿಕ್ವಿಡ್ ಕೂಲರ್ ಹಾಕಿದ ಮೇಲೆ ಕಂಪ್ಯೂಟರ್ ಇನ್ನೂ ನಿಧಾನ. ಬೋರ್ಡಿನ ವಿಆರ್‌ಎಂ (ಕರೆಂಟ್ ಕೊಡುವ ಭಾಗ) ತಕರಾರಾ?

ಕಾಳಿದಂಡೆ_ಕ್ಯಾಮೆರಾ (ಕಾರವಾರ)
ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಮದುವೆ ಮತ್ತು ಯಕ್ಷಗಾನದ ವಿಡಿಯೊ ಮಾಡುವವನು. ಮದುವೆಯದ್ದು ಹೇಗೋ ಮುಗಿಯುತ್ತದೆ. ಆಟದ್ದು, ಅಂದರೆ ಯಕ್ಷಗಾನದ್ದು ಹಾಗಲ್ಲ. ರಾತ್ರಿ ಶುರುವಾದರೆ ಮುಗಿಯುವುದು ಬೆಳಗಿನ ಜಾವ, ಕ್ಯಾಮೆರಾ ಮೂರು. ರೆಂಡರಿಗೆ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಮಾಡಲು) ಇಟ್ಟರೆ ಪ್ರೊಸೆಸರ್ ಆರೇಳು ಗಂಟೆ ಒಂದೇ ಸಮ ದುಡಿಯಬೇಕು.

2019ರಿಂದ ಎಎಂಡಿಯ ರೈಜನ್ 7 3700ಎಕ್ಸ್ ಪ್ರೊಸೆಸರ್ ಇತ್ತು, ಡಬ್ಬಿಯಲ್ಲೇ ಬಂದ ಫ್ಯಾನಿನ ಜೊತೆ. ಮದರ್‌ಬೋರ್ಡು ಬಿ450, ಆಗ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗ್ಗದ್ದು. ಕಂಪನಿ ಹೆಸರು ಬೇಡ, ಇಷ್ಟು ವರ್ಷ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಹೋದ ತಿಂಗಳು ಸೆಕೆಂಡ್ ಹ್ಯಾಂಡಿನಲ್ಲಿ ಹನ್ನೆರಡು ಕೋರಿನ ರೈಜನ್ 9 5900ಎಕ್ಸ್ ಸಿಕ್ಕಿತು. ಬಯೋಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಕೂರಿಸಿದೆ. ಅದರ ಜೊತೆ ಫ್ಯಾನ್ ಬರುವುದಿಲ್ಲವಲ್ಲ, 240 ಎಂಎಂ ಲಿಕ್ವಿಡ್ ಕೂಲರ್ ತಂದು ಹಾಕಿದೆ. ಯಾವುದೋ ವಿಡಿಯೊ ನೋಡಿ ಎಲ್ಲ ಕೋರೂ 4.4 ಗಿಗಾಹರ್ಟ್ಸ್, 1.3 ವೋಲ್ಟ್ ಎಂದು ಫಿಕ್ಸ್ ಮಾಡಿದೆ.

ಮೊದಲ ಇಪ್ಪತ್ತು ನಿಮಿಷ ಗಾಳಿಯ ಹಾಗೆ ಓಡುತ್ತದೆ. ಆಮೇಲೆ ಒಮ್ಮೆಲೇ 0.54 ಗಿಗಾಹರ್ಟ್ಸ್‌ಗೆ ಬೀಳುತ್ತದೆ. ಮೌಸೂ ಅಲ್ಲಾಡುವುದಿಲ್ಲ. ಹತ್ತು ಸೆಕೆಂಡಿಗೆ ಮತ್ತೆ ಮೇಲೆ, ಮತ್ತೆ ಕೆಳಗೆ. ಪ್ರೊಸೆಸರ್ ಬಿಸಿ 78 ಡಿಗ್ರಿ. ಇದರ ಮಿತಿ 90 ಅಲ್ವಾ? ಅಲ್ಲಿಗೆ ಮುಟ್ಟಿದ್ದೇ ಇಲ್ಲ. ನಿನ್ನೆ ವಿಂಡೋಸ್ ಕೆಟ್ಟು ನಿಂತಾಗ ಬರುವ ನೀಲಿ ಪರದೆಯೂ ಬಂತು. ಒಟ್ಟು ರೆಂಡರ್ ಸಮಯ ನೋಡಿದರೆ ಹಳೇ 3700ಎಕ್ಸ್‌ಗಿಂತ ಜಾಸ್ತಿ. ಮಾರಿದವರು ಚಿಪ್ ಚೆನ್ನಾಗಿದೆ ಅನ್ನುತ್ತಾರೆ. ಇಲ್ಲಿನ ಅಂಗಡಿಯವರು ಚಿಪ್ಪೇ ಹಾಳು ಅನ್ನುತ್ತಾರೆ. ಯಾರನ್ನು ನಂಬಲಿ?

ಅಂಕೋಲಾ_ಗೇಮರ್
ಭಾನುವಾರ ರಾತ್ರಿ 10:58

ಬ್ರೋ, 4.4ಕ್ಕೆ 1.3 ಸಾಲುವುದಿಲ್ಲ. 1.4 ಹಾಕಿ. ಲೋಡ್‌ಲೈನ್ ಕ್ಯಾಲಿಬ್ರೇಶನ್ (ಎಲ್‌ಎಲ್‌ಸಿ, ಲೋಡಿನಲ್ಲಿ ವೋಲ್ಟ್ ಇಳಿಯದಂತೆ ಹಿಡಿಯುವ ಸೆಟ್ಟಿಂಗ್) ಎಕ್ಸ್‌ಟ್ರೀಮ್‌ಗೆ ಇಡಿ. ನಂದು ಹೀಗೇ ಇದೆ, ಬಂಡೆ ಥರ ಸ್ಟೇಬಲ್.

ಅಡಿಕೆತೋಟ_ಶಿರಸಿ
ಭಾನುವಾರ ರಾತ್ರಿ 11:15

ದಯವಿಟ್ಟು 1.4 ಹಾಕಬೇಡಿ ಮಾರಾಯ್ರೇ. ಇವತ್ತು ರಾತ್ರಿ ರೆಂಡರಿಗೂ ಇಡಬೇಡಿ.

ವೋಲ್ಟೇಜ್ ಸಾಲದೇ ಇದ್ದರೆ ಪ್ರೋಗ್ರಾಂ ಮುಚ್ಚಿಕೊಳ್ಳುತ್ತದೆ, ನೀಲಿ ಪರದೆ ಬರುತ್ತದೆ, ಇಲ್ಲವೇ ರೀಸ್ಟಾರ್ಟ್ ಆಗುತ್ತದೆ. 0.54ಕ್ಕೆ ಬಿದ್ದು ಮತ್ತೆ ಏಳುವುದು ಬೇರೆ ಕಾಯಿಲೆ. ಯಾರೋ ಪ್ರೊಸೆಸರಿಗೆ "ನಿಲ್ಲು, ಸುಡುತ್ತಿದೆ" ಎಂದು ಕೂಗುತ್ತಿದ್ದಾರೆ. ಪ್ರೊಸೆಸರ್ 78ರಲ್ಲಿದೆ, ಅದು ಕೂಗುತ್ತಿಲ್ಲ. ಹಾಗಾದರೆ ಕೂಗುತ್ತಿರುವುದು ಪಕ್ಕದವರು, ಅಂದರೆ ವಿಆರ್‌ಎಂ. ಬೋರ್ಡಿನಲ್ಲಿ ಪ್ರೊಸೆಸರಿಗೆ ಕರೆಂಟ್ ಹದ ಮಾಡಿ ಕೊಡುವ ಭಾಗ.

ಹೆಚ್‌ಡಬ್ಲ್ಯೂಇನ್ಫೋ ಎಂಬ ಸಾಫ್ಟ್‌ವೇರ್ ಹಾಕಿಕೊಂಡು ಬೋರ್ಡಿನ ಸೆನ್ಸರ್‌ಗಳ ಸಾಲಿನಲ್ಲಿ "ವಿಆರ್‌ಎಂ" ಅಥವಾ "ಮಾಸ್" ಅಂತ ಬಿಸಿ ಏನಾದರೂ ತೋರಿಸುತ್ತಾ ನೋಡಿ. ಅಗ್ಗದ ಬೋರ್ಡುಗಳಲ್ಲಿ ಕೆಲವೊಮ್ಮೆ ಆ ಸೆನ್ಸರೇ ಇರುವುದಿಲ್ಲ. ನೀಲಿ ಪರದೆಯಲ್ಲಿ ಏನು ಬರೆದಿತ್ತು?

ಕುಮಟಾ_ಸೋಲ್ಡರ್
ಸೋಮವಾರ ಬೆಳಗ್ಗೆ 7:20

ಶಿರಸಿಯವರು ಹೇಳಿದ್ದು ಸರಿ. ತಮ್ಮ, ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗದ) ಎಡಗಡೆ ಮತ್ತು ಮೇಲ್ಗಡೆ ಚೌಕ ಚೌಕ ಬೂದು ಬಣ್ಣದ ಡಬ್ಬಿ ಥರ ಇರುತ್ತಲ್ಲ, ಅವು ಚೋಕ್, ಒಳಗೆ ತಂತಿಸುರುಳಿ. ಅವುಗಳ ಪಕ್ಕದ ಚಪ್ಪಟೆ ಕಪ್ಪು ಚಿಪ್‌ಗಳು ಮಾಸ್ಫೆಟ್, ಸೆನ್ಸರ್ ಸಾಲಿನ "ಮಾಸ್" ಇವೇ. ಅದರ ಫೋಟೋ ಹಾಕು. ಮೇಲೆ ಅಲ್ಯೂಮಿನಿಯಂ ತುಂಡು ಇದೆಯಾ ಬೋಳಾಗಿದೆಯಾ ಅಂತ ನೋಡಬೇಕು.

ಇನ್ನೊಂದು. 3700ಎಕ್ಸ್ ಜೊತೆ ಬಂದ ಫ್ಯಾನ್ ಮೇಲಿಂದ ಕೆಳಕ್ಕೆ ಗಾಳಿ ಊದುವಂಥದ್ದು. ಪ್ರೊಸೆಸರ್ ತಂಪು ಮಾಡಿ ಉಳಿದ ಗಾಳಿ ಬೋರ್ಡಿನ ಮೇಲೆ ಹರಡುತ್ತಿತ್ತು. ಮಾಸ್ಫೆಟ್ಟಿಗೆ ಪುಕ್ಕಟೆ ಗಾಳಿ. ನೀನು ಲಿಕ್ವಿಡ್ ಕೂಲರ್ ಹಾಕಿ ಆ ಗಾಳಿಯನ್ನು ತೆಗೆದುಬಿಟ್ಟೆ. ಈಗ ಸಾಕೆಟ್ಟಿನ ಸುತ್ತ ಒಂದು ಎಲೆಯೂ ಅಲ್ಲಾಡುವುದಿಲ್ಲ. ನನ್ನ ಹತ್ತಿರ ಬರುವ ಇಂಥ ಕೇಸುಗಳಲ್ಲಿ ಅರ್ಧ ಇದೇ ಕತೆ.

ಕಾಳಿದಂಡೆ_ಕ್ಯಾಮೆರಾ
ಸೋಮವಾರ ರಾತ್ರಿ 9:05

ಅಣ್ಣ, ಬೋಳು. ಫೋಟೋ ಹಾಕಿದ್ದೇನೆ. ಪ್ರೊಸೆಸರ್ ಕಡೆಗೆ ನಾಲ್ಕು ಚೋಕ್, ಪಕ್ಕದಲ್ಲಿ ಬೇರೆ ಎರಡು. ಅಲ್ಯೂಮಿನಿಯಂ ಇಲ್ಲ, ಕಂಪನಿಯ ಲೋಗೋ ಮಾತ್ರ ಇದೆ.

ಸೆನ್ಸರ್ ಸಿಕ್ಕಿತು. ರೆಂಡರ್ ಶುರು ಮಾಡಿ ನೋಡುತ್ತಾ ಕೂತೆ. 5 ನಿಮಿಷಕ್ಕೆ 88. 15ಕ್ಕೆ 109. 22ನೇ ನಿಮಿಷಕ್ಕೆ 117, ಅಷ್ಟರಲ್ಲಿ 0.54ಕ್ಕೆ ಬಿತ್ತು. ಹೆದರಿಕೆಯಾಗಿ ಬಂದ್ ಮಾಡಿದೆ. ಕೋಣೆಯಲ್ಲಿ 33 ಡಿಗ್ರಿ ಇತ್ತು, ಏಪ್ರಿಲ್ ಅಲ್ವಾ.

ನೀಲಿ ಪರದೆಯಲ್ಲಿ ಇದ್ದಿದ್ದು "ವ್ಹಿಯಾ ಅನ್‌ಕರೆಕ್ಟಬಲ್ ಎರರ್", ಅಂದರೆ ತಿದ್ದಲಾಗದ ಹಾರ್ಡ್‌ವೇರ್ ತಪ್ಪು.

ಆದರೆ ಒಂದು ಅರ್ಥ ಆಗಲಿಲ್ಲ. ಇದೇ ಬೋರ್ಡಿನಲ್ಲಿ ಹಳೇ ಚಿಪ್ ಇಡೀ ರಾತ್ರಿ ಓಡುತ್ತಿತ್ತಲ್ಲ? ಹೊಸದು ಅದಕ್ಕಿಂತ ಎಷ್ಟು ಜಾಸ್ತಿ ತಿನ್ನುತ್ತದೆ?

ಅಡಿಕೆತೋಟ_ಶಿರಸಿ
ಸೋಮವಾರ ರಾತ್ರಿ 10:30

ಇದು ಒಳ್ಳೆಯ ಪ್ರಶ್ನೆ. ಕೂತು ಬರೆಯುತ್ತೇನೆ, ಇಲ್ಲಿ ಹೇಗೂ ಸೆಖೆಗೆ ನಿದ್ದೆ ಬರುವುದಿಲ್ಲ.

ಪವರ್ ಸಪ್ಲೈ ಕೊಡುವುದು 12 ವೋಲ್ಟ್. ಪ್ರೊಸೆಸರಿಗೆ ಬೇಕಾಗಿದ್ದು 1.0ರಿಂದ 1.4ರ ಒಳಗೆ. ವೋಲ್ಟ್ ಕಡಿಮೆಯಾದಷ್ಟೂ ಅದೇ ವ್ಯಾಟಿಗೆ ಆಂಪಿಯರ್ ಜಾಸ್ತಿ ಬೇಕು. 150 ವ್ಯಾಟ್ ಎಂದರೆ 12 ವೋಲ್ಟಿನಲ್ಲಿ 12.5 ಆಂಪಿಯರ್ ಅಷ್ಟೇ, 1.25 ವೋಲ್ಟಿನಲ್ಲಿ 120 ಆಂಪಿಯರ್. ಅಂಗೈ ಅಗಲದ ಜಾಗದಲ್ಲಿ 120 ಆಂಪಿಯರ್. ಸ್ಕೂಟರ್ ಸ್ಟಾರ್ಟ್ ಮಾಡುವಾಗಲೂ ಬ್ಯಾಟರಿಯಿಂದ ಅಷ್ಟು ಹೋಗುವುದಿಲ್ಲ.

ಈ ಬದಲಾವಣೆ ಮಾಡುವುದು ಮಾಸ್ಫೆಟ್. ಅದು ಸ್ವಿಚ್ಚು. ಸೆಕೆಂಡಿಗೆ ಲಕ್ಷಗಟ್ಟಲೆ ಸಲ, ಸಾಮಾನ್ಯವಾಗಿ 3ರಿಂದ 5 ಲಕ್ಷ ಸಲ, ಆನ್ ಆಗಿ ಆಫ್ ಆಗುತ್ತದೆ. 12 ವೋಲ್ಟನ್ನು ಹತ್ತರಲ್ಲಿ ಒಂದು ಪಾಲು ಹೊತ್ತು ಮಾತ್ರ ಬಿಟ್ಟರೆ ಸರಾಸರಿ 1.2 ಸಿಗುತ್ತದೆ. ಆ ತುಂಡು ತುಂಡು ಕರೆಂಟನ್ನು ಚೋಕ್ ಮತ್ತು ಕೆಪಾಸಿಟರ್ ಸೇರಿ ನಯ ಮಾಡುತ್ತವೆ. ಮೇಲಿನ ಸ್ವಿಚ್ ಒಂದು ಪಾಲು ಹೊತ್ತು ದುಡಿದರೆ ಕೆಳಗಿನ ಸ್ವಿಚ್ ಒಂಬತ್ತು ಪಾಲು ದುಡಿಯುತ್ತದೆ. ಅದಕ್ಕೇ ಎಷ್ಟೋ ಬೋರ್ಡುಗಳಲ್ಲಿ ಕೆಳಗಿನ ಕಡೆಗೆ ಎರಡು ಮಾಸ್ಫೆಟ್ ಇಡುತ್ತಾರೆ.

ಇಂಥ ಒಂದು ಸೆಟ್ಟಿಗೆ ಒಂದು ಫೇಸ್ ಅನ್ನುತ್ತಾರೆ. ನಿಮ್ಮಲ್ಲಿ ಪ್ರೊಸೆಸರ್ ಕೋರುಗಳಿಗೆ ನಾಲ್ಕು.

ಈಗ ಲೆಕ್ಕ. 65 ವ್ಯಾಟ್ ಎಂದು ಬರೆದ 3700ಎಕ್ಸ್‌ಗೆ ಎಎಂಡಿ ಇಟ್ಟ ಮಿತಿ ಸಾಕೆಟ್ಟಿಗೆ 88 ವ್ಯಾಟ್, ಒಂದೇ ಸಮ ಎಳೆಯುವಾಗ 60 ಆಂಪಿಯರ್. ನಾಲ್ಕು ಫೇಸಿಗೆ ಹಂಚಿದರೆ ತಲಾ 15. 5900ಎಕ್ಸ್‌ಗೆ 142 ವ್ಯಾಟ್, 95 ಆಂಪಿಯರ್. ತಲಾ ಸುಮಾರು 24. ಆದರೆ ನೀವು 4.4, 1.3 ಎಂದು ಕೈಯಿಂದ ಫಿಕ್ಸ್ ಮಾಡಿದಿರಲ್ಲ, ಆಗ ಆ ಮಿತಿಗಳೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ಚಿಪ್ 180 ವ್ಯಾಟ್ ಕೇಳಿದರೆ ಬೋರ್ಡು ಕೊಡಲೇಬೇಕು. ಕೋರುಗಳ ಪಾಲು ಹೆಚ್ಚುಕಡಿಮೆ 128 ಆಂಪಿಯರ್, ಫೇಸಿಗೆ 32.

15ರಿಂದ 32 ಎಂದರೆ ದುಪ್ಪಟ್ಟು ಚಿಲ್ಲರೆ ಅಂತ ಕಾಣುತ್ತದೆ. ಆದರೆ ಮಾಸ್ಫೆಟ್ಟಿನ ರೆಸಿಸ್ಟೆನ್ಸಿನಲ್ಲಿ ಹುಟ್ಟುವ ಶಾಖ ಆಂಪಿಯರಿನ ವರ್ಗದಂತೆ ಏರುತ್ತದೆ. 15 ಹದಿನೈದಲ 225. 32 ಮೂವತ್ತೆರಡಲ 1024. ನಾಲ್ಕೂವರೆ ಪಟ್ಟು. ಅದೂ ಫ್ಯಾನ್ ಗಾಳಿ ತೆಗೆದ ಮೇಲೆ. ಮೇಲಿಂದ, ಮಾಸ್ಫೆಟ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಜಾಸ್ತಿಯಾಗುತ್ತದೆ, ಅದರಿಂದ ಇನ್ನಷ್ಟು ಬಿಸಿ.

ಇದೇ 128 ಆಂಪಿಯರನ್ನು ಎಂಟು ಫೇಸಿಗೆ ಹಂಚಿದರೆ ತಲಾ 16. ಎಂಟೂ ಸೇರಿ ಆಗುವ ಶಾಖ ನಾಲ್ಕರ ಅರ್ಧ. ಅದೂ ಎಂಟು ಜಾಗದಲ್ಲಿ ಹರಡಿಕೊಂಡು.

ಕುಮಟಾ_ಸೋಲ್ಡರ್
ಸೋಮವಾರ ರಾತ್ರಿ 10:52

ನನ್ನ ಭಾಷೆಯಲ್ಲಿ ಹೇಳುತ್ತೇನೆ. 180 ವ್ಯಾಟ್ ಕೊಡುವಾಗ ಇಂಥ ವಿಆರ್‌ಎಂ 100ಕ್ಕೆ 88 ಪಾಲು ದಾಟಿಸಿತು ಅಂತ ಇಟ್ಟುಕೊಳ್ಳಿ. ಉಳಿದದ್ದು ಸುಮಾರು 25 ವ್ಯಾಟ್ ಶಾಖ. ನನ್ನ ಟೇಬಲ್ ಮೇಲಿರುವ ಸೋಲ್ಡರಿಂಗ್ ಐರನ್ನೇ 25 ವ್ಯಾಟಿನದ್ದು. ಅದನ್ನು ಆನ್ ಮಾಡಿ ನಾಲ್ಕು ಗಂಟೆ ಬೋರ್ಡಿಗೆ ತಾಗಿಸಿ ಇಟ್ಟ ಹಾಗೆ.

ಅಂಕೋಲಾ_ಗೇಮರ್
ಸೋಮವಾರ ರಾತ್ರಿ 11:01

ಸೋಲ್ಡರಿಂಗ್ ಐರನ್ 😂 ಸರಿ ಒಪ್ಪಿದೆ. ಆದರೆ ನನ್ನ ಬೋರ್ಡಿನ ಡಬ್ಬಿ ಮೇಲೆ 12 ಫೇಸ್ ಅಂತ ಬರೆದಿದೆ. ಅಂದರೆ ನಾನು ಸೇಫ್ ಅಲ್ವಾ?

ಯಲ್ಲಾಪುರ_ಮಳೆ
ಸೋಮವಾರ ರಾತ್ರಿ 11:04

ನಮ್ಮ ಪಂಪಿಗೆ ಮೂರು ಫೇಸ್ ಬಂದರೇ ದೊಡ್ಡದು, ನಿಮಗೆ ಹನ್ನೆರಡು ಫೇಸಾ!

ಅಡಿಕೆತೋಟ_ಶಿರಸಿ
ಸೋಮವಾರ ರಾತ್ರಿ 11:25

ಯಲ್ಲಾಪುರದವರೇ, ಆ ಫೇಸಿಗೂ ಇದಕ್ಕೂ ಸಂಬಂಧ ಇಲ್ಲ. ಆದರೆ ಸರದಿ ಹಾಕಿಕೊಂಡು ದುಡಿಯುವುದು ಎರಡರಲ್ಲೂ ಇದೆ, ಅಷ್ಟರ ಮಟ್ಟಿಗೆ ಹೋಲಿಕೆ ಸರಿ.

ಅಂಕೋಲೆಯವರಿಗೆ: ರಂಪಣಿ (ದಡದಿಂದ ಎಳೆಯುವ ದೊಡ್ಡ ಮೀನುಬಲೆ) ಎಳೆಯುವುದು ನೋಡಿದ್ದೀರಲ್ಲ? ಹಗ್ಗಕ್ಕೆ ಹತ್ತಾರು ಜನ ಕೈ ಹಾಕುತ್ತಾರೆ. ಜನ ಎಷ್ಟು ಅನ್ನುವುದು ಒಂದು, ಎಂಥ ಜನ ಅನ್ನುವುದು ಇನ್ನೊಂದು. ಡಬ್ಬಿಯ ಮೇಲೆ ಬರೆಯುವುದು ಜನರ ಸಂಖ್ಯೆ ಮಾತ್ರ. 12ರಲ್ಲಿ ಎರಡು ಮೂರು ಗ್ರಾಫಿಕ್ಸಿಗೋ ಮೆಮೊರಿ ಕಂಟ್ರೋಲರಿಗೋ ಹೋಗಿರಬಹುದು. ಉಳಿದವೂ ನಿಜವಾದ ಫೇಸ್ ಆಗಿರಬೇಕೆಂದಿಲ್ಲ. ಕಂಟ್ರೋಲರ್ ಐದೇ ಸಿಗ್ನಲ್ ಕೊಡುತ್ತಿರುತ್ತದೆ, ಡಬ್ಲರ್ ಎಂಬ ಸಣ್ಣ ಚಿಪ್ ಇಟ್ಟು ಹತ್ತು ಮಾಡಿರುತ್ತಾರೆ. ಕೆಲವರು ಡಬ್ಲರೂ ಇಲ್ಲದೆ ಒಂದೇ ಸಿಗ್ನಲ್‌ಗೆ ಎರಡು ಸೆಟ್ ಜೋಡಿಸುತ್ತಾರೆ.

ಇದು ಮೋಸ ಅಂತ ನಾನು ಹೇಳುವುದಿಲ್ಲ. ಶಾಖ ಹಂಚುವುದಕ್ಕೆ ಎರಡೂ ದಾರಿ ಸರಿಯೇ. ಆದರೆ ಬಲೆ ಒಂದೇ ಸಮ ಬರಬೇಕಾದರೆ ಎಳೆಯುವವರು ಒಬ್ಬರ ಹಿಂದೆ ಒಬ್ಬರು ಜೋರು ಹಾಕಬೇಕು. ಹತ್ತು ಜನ ಹತ್ತು ಬೇರೆ ಬೇರೆ ಕ್ಷಣಕ್ಕೆ ಎಳೆದರೆ ಜಗ್ಗುವುದು ಗೊತ್ತೇ ಆಗುವುದಿಲ್ಲ. ಇಬ್ಬಿಬ್ಬರು ಜೋಡಿಯಾಗಿ ಎಳೆದರೆ ಐದೇ ಸಲ ಜಗ್ಗಿದ ಹಾಗೆ. ಆ ಜಗ್ಗಾಟಕ್ಕೆ ರಿಪಲ್ ಅನ್ನುತ್ತಾರೆ.

ಎಂಥ ಜನ ಎಂಬುದಕ್ಕೆ: ಹಳೆಯ ರೀತಿಯಲ್ಲಿ ಡ್ರೈವರ್, ಮೇಲಿನ ಮಾಸ್ಫೆಟ್, ಕೆಳಗಿನ ಮಾಸ್ಫೆಟ್ ಬೇರೆ ಬೇರೆ. ಈಗಿನ ಒಳ್ಳೆಯ ಬೋರ್ಡುಗಳಲ್ಲಿ ಮೂರೂ ಒಂದೇ ಚಿಪ್ಪಿನಲ್ಲಿ, ಅದಕ್ಕೆ ಡಿಆರ್‌ಮಾಸ್ ಅಥವಾ ಪವರ್ ಸ್ಟೇಜ್ ಅನ್ನುತ್ತಾರೆ. 50, 60, 90, 105 ಆಂಪಿಯರ್ ಎಂದು ಬರೆದಿರುತ್ತದೆ. ಅಷ್ಟನ್ನು ಗಂಟೆಗಟ್ಟಲೆ ಎಳೆಯಬಹುದು ಎಂದಲ್ಲ. ಕಡಿಮೆ ಎಳೆದಾಗ ತಂಪಾಗಿರುತ್ತವೆ ಎಂದು. ಒಳ್ಳೆಯ ಆರು ಫೇಸ್, ಕೆಟ್ಟ ಹನ್ನೆರಡಕ್ಕಿಂತ ಎಷ್ಟೋ ಮೇಲು.

ಕುಮಟಾ_ಸೋಲ್ಡರ್
ಮಂಗಳವಾರ ಬೆಳಗ್ಗೆ 7:05

ಹೀಟ್‌ಸಿಂಕ್ (ಮಾಸ್ಫೆಟ್ ಮೇಲಿನ ಶಾಖ ಹೀರುವ ಅಲ್ಯೂಮಿನಿಯಂ ತುಂಡು) ವಿಷಯದಲ್ಲೂ ಅದೇ. ಈಗ ಬೋರ್ಡಿನ ತುಂಬ ದೊಡ್ಡ ದೊಡ್ಡ ಮುಚ್ಚಳ ಇರುತ್ತದೆ, ಲೈಟೂ ಇರುತ್ತದೆ. ಬಿಚ್ಚಿ ನೋಡಿದರೆ ಮೇಲೆ ಪ್ಲಾಸ್ಟಿಕ್, ಒಳಗೆ ಸಣ್ಣ ಅಲ್ಯೂಮಿನಿಯಂ ಗಟ್ಟಿ, ಗಾಳಿ ಆಡುವ ಸಂದಿಯೇ ಇಲ್ಲ. 2017ರಲ್ಲಿ ಇಂಟೆಲ್‌ನ ಎಕ್ಸ್299 ದುಬಾರಿ ಬೋರ್ಡುಗಳಲ್ಲೇ ಈ ಗಲಾಟೆ ಎದ್ದಿತ್ತು. ಜರ್ಮನಿಯ ಓವರ್‌ಕ್ಲಾಕರ್ (ಚಿಪ್‌ಗಳನ್ನು ನಿಗದಿಗಿಂತ ಜೋರಾಗಿ ಓಡಿಸುವವ) ಡೆರ್‌ಬೌವರ್ ಅದನ್ನು ಎತ್ತಿ ತೋರಿಸಿದ. ಪ್ರೊಸೆಸರ್ ಇನ್ನೂ ಓಡಬಲ್ಲದು, ವಿಆರ್‌ಎಂ ಹೀಟ್‌ಸಿಂಕ್ ಮಾತ್ರ ಕೈಕೊಡುತ್ತದೆ ಅಂತ. ದುಡ್ಡು ಜಾಸ್ತಿ ಕೊಟ್ಟ ಮಾತ್ರಕ್ಕೆ ಆಗುವುದಿಲ್ಲ. ಹೀಟ್‌ಸಿಂಕಿನಲ್ಲಿ ಎಲೆಎಲೆಯಾಗಿ ಸೀಳು ಇದ್ದರೆ ಒಳ್ಳೆಯದು.

ಹೊನ್ನಾವರ_ಬಂದರು
ಮಂಗಳವಾರ ಮಧ್ಯಾಹ್ನ 1:30

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ಇಂಟೆಲ್ 13700ಕೆ, ಸಾಧಾರಣ ಬಿ660 ಬೋರ್ಡು. ನಾನು ಓವರ್‌ಕ್ಲಾಕ್ ಮಾಡಿಲ್ಲ, ಆ ಬೋರ್ಡಿನಲ್ಲಿ ಆಗುವುದೂ ಇಲ್ಲ. ಆದರೂ ಗೇಮ್ ಆಡುವಾಗ ಒಮ್ಮೊಮ್ಮೆ ಗೇಮ್ ಮುಚ್ಚಿಕೊಂಡು ಹೊರಗೆ ಬಿಸಾಡುತ್ತದೆ. ಇದೂ ವಿಆರ್‌ಎಂ ದೆಸೆಯಿಂದಲೇ?

ಅಡಿಕೆತೋಟ_ಶಿರಸಿ
ಮಂಗಳವಾರ ಮಧ್ಯಾಹ್ನ 2:10

ನಿಮ್ಮದರಲ್ಲಿ ಎರಡು ವಿಷಯ ಕಲೆಸಿಕೊಂಡಿರಬಹುದು.

ಒಂದು, 13700ಕೆಗೆ ಇಂಟೆಲ್ ಹೇಳಿದ ಗರಿಷ್ಠ 253 ವ್ಯಾಟ್. ಎಷ್ಟೋ ಬೋರ್ಡುಗಳು ಬಯೋಸಿನಲ್ಲಿ ಮಿತಿಯನ್ನು 4096 ವ್ಯಾಟ್ ಎಂದು ಇಟ್ಟೇ ಬರುತ್ತಿದ್ದವು. ಅಂದರೆ ಮಿತಿಯೇ ಇಲ್ಲ. ನೀವು ಓವರ್‌ಕ್ಲಾಕ್ ಮಾಡದಿದ್ದರೂ ಬೋರ್ಡೇ ಅರ್ಧ ಓವರ್‌ಕ್ಲಾಕ್ ಮಾಡಿಟ್ಟಿರುತ್ತದೆ. ಹೆಚ್‌ಡಬ್ಲ್ಯೂಇನ್ಫೋದಲ್ಲಿ "ವಿಆರ್ ಥರ್ಮಲ್ ಅಲರ್ಟ್" ಎದುರು "ಯೆಸ್" ಬಂದರೆ ವಿಆರ್‌ಎಂ ಬಿಸಿ.

ಎರಡನೆಯದು, 13 ಮತ್ತು 14ನೇ ತಲೆಮಾರಿನ ಚಿಪ್‌ಗಳದ್ದೇ ಕಾಯಿಲೆ. ಅದು ಬೋರ್ಡಿನ ಮಾಸ್ಫೆಟ್ಟಿನದ್ದಲ್ಲ. ಚಿಪ್ ತನಗೆ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟ್ ಕೇಳುತ್ತಿತ್ತು, ಅದರಿಂದ ಒಳಗಿನ ಒಂದು ಭಾಗ ಸವೆಯುತ್ತಾ ಹೋಗುತ್ತಿತ್ತು. ನಿನ್ನೆ ಸಾಕಾಗುತ್ತಿದ್ದ ವೋಲ್ಟ್ ಇವತ್ತು ಸಾಲದು ಅನ್ನುವ ಸ್ಥಿತಿ. ಇಂಟೆಲ್ 2024ರ ಆಗಸ್ಟಿನಲ್ಲಿ 0ಎಕ್ಸ್129, ಸೆಪ್ಟೆಂಬರಿನಲ್ಲಿ 0ಎಕ್ಸ್12ಬಿ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಸೂಚನೆಗಳ ತಿದ್ದುಪಡಿ) ಬಿಟ್ಟಿತು. ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಹೊಸ ಬಯೋಸ್ ಹಾಕಿ, "ಇಂಟೆಲ್ ಡೀಫಾಲ್ಟ್" ಆರಿಸಿ. ಆಮೇಲೂ ಬಿಸಾಡಿದರೆ ಚಿಪ್ ಆಗಲೇ ಸವೆದಿರಬಹುದು, ವಾರಂಟಿಗೆ ಹಾಕಿ. ಅಪ್‌ಡೇಟ್ ಮುಂದಿನದ್ದನ್ನು ತಡೆಯುತ್ತದೆ, ಸವೆದದ್ದನ್ನು ಸರಿ ಮಾಡುವುದಿಲ್ಲ.

ಒಂದು ಹಳೇ ಕತೆ. 2013ರ 4ನೇ ತಲೆಮಾರಿನಲ್ಲಿ ಇಂಟೆಲ್ ಈ ಕೆಲಸದ ಒಂದು ಭಾಗವನ್ನು ಚಿಪ್ಪಿನ ಒಳಗೇ ತಂದಿತ್ತು. ಬೋರ್ಡು ಸುಮಾರು 1.8 ವೋಲ್ಟ್ ಕೊಟ್ಟರೆ ಸಾಕು, ಮುಂದಿನದ್ದನ್ನು ಚಿಪ್ಪೇ ಇಳಿಸಿಕೊಳ್ಳುತ್ತಿತ್ತು. ಬೋರ್ಡಿನವರಿಗೆ ಆರಾಮ, ಶಾಖ ಮಾತ್ರ ಚಿಪ್ಪಿನ ಹೊಟ್ಟೆಗೆ ಹೋಯಿತು. 2015ರ 6ನೇ ತಲೆಮಾರಿನಲ್ಲಿ ಮತ್ತೆ ಹೊರಗೆ ಹಾಕಿದರು. ನನ್ನ ಮನೆಯ ಹಳೇ ಐ5 ಆ ಕಾಲದ್ದೇ. ಈಗಲೂ ಅಡಿಕೆ ಲೆಕ್ಕ ಅದರಲ್ಲೇ.

ಅಂಕೋಲಾ_ಗೇಮರ್
ಮಂಗಳವಾರ ಸಂಜೆ 6:40

ನನ್ನ ಎಲ್‌ಎಲ್‌ಸಿ ಎಕ್ಸ್‌ಟ್ರೀಮ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಸಿನೆಬೆಂಚ್ ಎಂಬ ಪರೀಕ್ಷೆ ಪಾಸಾಗುತ್ತದೆ, ಗೊತ್ತಾ.

ಅಡಿಕೆತೋಟ_ಶಿರಸಿ
ಮಂಗಳವಾರ ರಾತ್ರಿ 8:50

ಬೇಕಂತಲೇ ಬಿಟ್ಟಿದ್ದೆ. ಈಗ ಕೇಳಿದ್ದರಿಂದ ಹೇಳುತ್ತೇನೆ.

ನಮ್ಮ ತೋಟದಲ್ಲಿ ಸ್ಪ್ರಿಂಕ್ಲರ್ ಇದೆ. ಪಂಪ್ ಆನ್ ಇದ್ದು ಎಲ್ಲ ವಾಲ್ವ್ ಮುಚ್ಚಿದ್ದರೆ ಪೈಪಿನಲ್ಲಿ ಒತ್ತಡ ಪೂರ್ತಿ. ಒಂದು ವಾಲ್ವ್ ತೆಗೆದರೆ ಸ್ವಲ್ಪ ಇಳಿಯುತ್ತದೆ. ಎಲ್ಲ ತೆಗೆದರೆ ಇನ್ನೂ ಇಳಿಯುತ್ತದೆ. ಪ್ರೊಸೆಸರ್ ವೋಲ್ಟೇಜೂ ಹಾಗೆ. ಕೆಲಸ ಇಲ್ಲದಾಗ 1.3 ಇದ್ದದ್ದು ರೆಂಡರ್ ಶುರುವಾದಾಗ 1.2 ಆಗುತ್ತದೆ. ಈ ಇಳಿತದ ಪ್ರಮಾಣಕ್ಕೆ ಲೋಡ್‌ಲೈನ್ ಅನ್ನುತ್ತಾರೆ. ಅದು 1 ಮಿಲಿಓಮ್ ಎಂದರೆ 100 ಆಂಪಿಯರಿಗೆ 0.1 ವೋಲ್ಟ್ ಇಳಿತ. ಇದು ದೋಷ ಅಲ್ಲ, ಬೇಕೆಂದೇ ಮಾಡಿದ್ದು.

ಯಾಕೆ? ಎಲ್ಲ ವಾಲ್ವ್ ತೆರೆದಿರುವಾಗ ಯಾರೋ ಒಮ್ಮೆಲೇ ಮುಚ್ಚಿದರು ಎಂದುಕೊಳ್ಳಿ. ಹರಿಯುತ್ತಿದ್ದ ನೀರು ನಿಲ್ಲಲಾಗದೆ ಪೈಪಿಗೆ ಧಡ್ ಎಂದು ಗುದ್ದುತ್ತದೆ. ಜಾಯಿಂಟ್ ಹಾರಿದ್ದೂ ಇದೆ, ನಮ್ಮಲ್ಲಿ ಎರಡು ಸಲ. ಚೋಕಿನಲ್ಲಿ ಹರಿಯುವ ಕರೆಂಟೂ ಹಾಗೇ, ತಟ್ಟನೆ ನಿಲ್ಲುವುದಿಲ್ಲ. ಪ್ರೊಸೆಸರ್ ಕೆಲಸ ನಿಲ್ಲಿಸಿದ ಕ್ಷಣ ವೋಲ್ಟೇಜ್ ಮೇಲೆ ಚಿಮ್ಮುತ್ತದೆ. ಮೊದಲೇ 1.2ಕ್ಕೆ ಇಳಿದಿದ್ದರೆ ಚಿಮ್ಮಿದರೂ 1.3ರ ಆಸುಪಾಸು. ನೀವು ಎಕ್ಸ್‌ಟ್ರೀಮ್ ಹಾಕಿ ಇಳಿಯಲು ಬಿಡದೆ 1.4ರಲ್ಲೇ ಹಿಡಿದರೆ ಚಿಮ್ಮುವುದು 1.4ರ ಮೇಲೆ. ಅದು ಕೆಲವು ಮೈಕ್ರೋಸೆಕೆಂಡಿನ ಮಾತು. ಯಾವ ಸಾಫ್ಟ್‌ವೇರೂ ತೋರಿಸುವುದಿಲ್ಲ, ಆಸಿಲೋಸ್ಕೋಪ್ ಬೇಕು. ನಿಮ್ಮ ಪರದೆಯಲ್ಲಿ ಕಾಣುವ 1.4 ಬೋರ್ಡಿನ ಯಾವುದೋ ಮೂಲೆಯಲ್ಲಿ ಅಳೆದ, ಅದೂ ನಿಧಾನವಾಗಿ ಅಳೆದ ಅಂಕಿ.

ಮಧ್ಯದ ಹಂತಕ್ಕೆ ಇಡಿ. ಲೋಡಿನಲ್ಲಿ ಸ್ವಲ್ಪ ಇಳಿಯಲಿ.

1.3ರಿಂದ 1.4 ಮಾಡುವುದು ಸಣ್ಣದೆಂದು ಕಾಣುತ್ತದೆ. ವ್ಯಾಟ್ ವೋಲ್ಟಿನ ವರ್ಗದಂತೆ ಏರುವುದರಿಂದ ಅದೇ ವೇಗಕ್ಕೆ 100ಕ್ಕೆ 16ರಷ್ಟು ಜಾಸ್ತಿ.

ಸಿನೆಬೆಂಚ್ ಒಂದು ಸುತ್ತು ಓಡಿತೆಂದರೆ ಏನೂ ಗೊತ್ತಾಗುವುದಿಲ್ಲ. ಬೋರ್ಡಿನೊಳಗಿನ ತಾಮ್ರದ ಪದರಗಳೂ ಶಾಖ ಹೀರುತ್ತವೆ, ಅವು ಪೂರ್ತಿ ಕಾಯಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಕಾರವಾರದವರದ್ದು ಬಿದ್ದದ್ದು 22ನೇ ನಿಮಿಷಕ್ಕೆ, ನೋಡಿ. ಪ್ರೊಸೆಸರನ್ನು ಪೂರ್ತಿ ದುಡಿಸುವ ಪ್ರೈಮ್95 ಅಥವಾ ಓಸಿಸಿಟಿ ಪರೀಕ್ಷೆಯನ್ನು ಅರ್ಧ ಗಂಟೆ ಓಡಿಸಿ, ಪಕ್ಕದಲ್ಲಿ ಮಾಸ್ ಬಿಸಿ ನೋಡುತ್ತಾ ಕೂತುಕೊಳ್ಳಿ. ಆಮೇಲೆ ವಿಂಡೋಸ್ ಇವೆಂಟ್ ವ್ಯೂವರಿನಲ್ಲಿ (ತಪ್ಪುಗಳನ್ನು ಬರೆದಿಡುವ ಜಾಗ) ವ್ಹಿಯಾ ಲಾಗರ್ 18, 19 ಇದೆಯಾ ನೋಡಿ. 18 ಎಂದರೆ ತಿದ್ದಲಾಗದ ತಪ್ಪು. 19 ಎಂದರೆ ತಪ್ಪಾಗಿತ್ತು, ಚಿಪ್ಪೇ ತಿದ್ದಿಕೊಂಡಿತು. ಬಂಡೆಗೆ ಬಿರುಕು ಬಿಟ್ಟದ್ದು ಅಲ್ಲಿ ಕಾಣುತ್ತದೆ.

ಅಂಕೋಲಾ_ಗೇಮರ್
ಮಂಗಳವಾರ ರಾತ್ರಿ 11:48

19... ನಲವತ್ತೊಂದು ಸಲ ಇದೆ. ಎಲ್‌ಎಲ್‌ಸಿ ಕೆಳಗೆ ಇಳಿಸುತ್ತಿದ್ದೇನೆ. ಯಾರೂ ನಗಬೇಡಿ.

ಯಲ್ಲಾಪುರ_ಮಳೆ
ಬುಧವಾರ ಬೆಳಗ್ಗೆ 8:15

ನನ್ನ ಇವೆಂಟ್ ವ್ಯೂವರಿನಲ್ಲಿ "ಕರ್ನಲ್ ಪವರ್ 41" ತುಂಬಿಕೊಂಡಿದೆ. ಇದೂ ವಿಆರ್‌ಎಂ?

ಕುಮಟಾ_ಸೋಲ್ಡರ್
ಬುಧವಾರ ಬೆಳಗ್ಗೆ 8:40

41 ಎಂದರೆ "ಸರಿಯಾಗಿ ಆಫ್ ಆಗಲಿಲ್ಲ" ಅಂತ ಅಷ್ಟೇ. ಕಾರಣ ಹೇಳುವುದಿಲ್ಲ. ಕರೆಂಟ್ ಹೋದರೂ 41, ನೀವು ಬಟನ್ ಒತ್ತಿ ಹಿಡಿದರೂ 41. ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಎಲ್ಲ ಕಂಪ್ಯೂಟರಿನಲ್ಲೂ ಇರುತ್ತದೆ. ಕೈಗಾ, ಕದ್ರಾ, ಸೂಪಾ ಎಲ್ಲ ನಮ್ಮಲ್ಲೇ, ಕರೆಂಟ್ ಹೋಗುವುದೂ ನಮ್ಮಲ್ಲೇ.

ಹಳೇ ಸಣ್ಣ ಯುಪಿಎಸ್ ಇದ್ದರೆ ಅದನ್ನೂ ನೋಡಿ. ಕೆಲವು ಯುಪಿಎಸ್ ಬ್ಯಾಟರಿಗೆ ಬದಲಾಗುವಾಗ ಲೋಡ್ ತಡೆಯದೆ ಕುಸಿಯುತ್ತವೆ. ಅದನ್ನು ಓವರ್‌ಕ್ಲಾಕ್ ತಪ್ಪು ಎಂದುಕೊಂಡು ಬಯೋಸಿನಲ್ಲಿ ಒದ್ದಾಡಿದವರಿದ್ದಾರೆ.

ಕರಾವಳಿಯವರು ಇನ್ನೊಂದು ನೋಡಬೇಕು, ಪ್ರೊಸೆಸರಿನ 12 ವೋಲ್ಟ್ ಕನೆಕ್ಟರ್. ಬೋರ್ಡಿನ ಮೇಲ್ಮೂಲೆಯಲ್ಲಿ ಎಂಟು ಪಿನ್ನಿಂದು. ಕೆಲವು ಅಗ್ಗದ ಬೋರ್ಡಿನಲ್ಲಿ ನಾಲ್ಕೇ. ಕೆಲವರು ಎಂಟು ಇದ್ದರೂ ನಾಲ್ಕೇ ಚುಚ್ಚಿರುತ್ತಾರೆ, ಕಂಪ್ಯೂಟರ್ ಆನ್ ಆಯಿತಲ್ಲ ಅಂತ. ನಾಲ್ಕರಲ್ಲಿ 12 ವೋಲ್ಟಿನ ತಂತಿ ಎರಡೇ. 150 ವ್ಯಾಟಿಗೆ ವಿಆರ್‌ಎಂ ನಷ್ಟ ಸೇರಿ ಸುಮಾರು 14 ಆಂಪಿಯರ್, ತಂತಿಗೆ 7. ಎಂಟಾದರೆ ತಲಾ ಮೂರೂವರೆ. ಸಮುದ್ರದ ಹತ್ತಿರ ಎರಡು ಮಳೆಗಾಲ ಕಳೆದ ಪಿನ್ನಿಗೆ ಹೊಳಪು ಹೋಗಿರುತ್ತದೆ, ಅಲ್ಲಿ ರೆಸಿಸ್ಟೆನ್ಸ್ ಜಾಸ್ತಿ, ಅಲ್ಲೇ ಕಾಯುತ್ತದೆ. ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದನ್ನು ಎಷ್ಟೋ ನೋಡಿದ್ದೇನೆ. ತಮ್ಮ, ನೀನು ಸದಾಶಿವಗಡದ ಕಡೆಯವನಾದರೆ ಕಿತ್ತು ನೋಡು.

ಕಾಳಿದಂಡೆ_ಕ್ಯಾಮೆರಾ
ಬುಧವಾರ ರಾತ್ರಿ 9:30

ಅಣ್ಣ, ಸದಾಶಿವಗಡವೇ! ಎಂಟೂ ಚುಚ್ಚಿದೆ. ಕಂದು ಆಗಿಲ್ಲ. ಸ್ವಲ್ಪ ಮಂಕು ಇತ್ತು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನಾಲ್ಕು ಸಲ ಹಾಕಿ ತೆಗೆದೆ.

ಈಗ ಮುಂದೆ ಎಂತ ಮಾಡಲಿ? ಹೊಸ ಬೋರ್ಡಿಗೆ ದುಡ್ಡಿಲ್ಲ. ಮೂರು ಆಟ ಬಾಕಿ ಇದೆ, ಮೇಳದವರು ಕೇಳುತ್ತಿದ್ದಾರೆ. ಕೊರೊನಾ ಕಾಲದ ಹಣೆಗೆ ಹಿಡಿಯುವ ಥರ್ಮಾಮೀಟರ್ ಮನೆಯಲ್ಲಿದೆ, ಅದರಲ್ಲಿ ಅಳೆಯಬಹುದಾ? ಸೆನ್ಸರ್ ಸುಳ್ಳು ಹೇಳುತ್ತಿದೆಯೋ ಏನೋ.

ಕುಮಟಾ_ಸೋಲ್ಡರ್
ಬುಧವಾರ ರಾತ್ರಿ 9:50

ಹಣೆ ಥರ್ಮಾಮೀಟರ್ 43ರ ಆಸುಪಾಸಿಗೆ ನಿಲ್ಲುತ್ತದೆ, ಅದು ಜ್ವರಕ್ಕೆ. ಗ್ಯಾರೇಜಿನವರ ಹತ್ತಿರ ಇರುವ ಇನ್‌ಫ್ರಾರೆಡ್ ಗನ್ ಬೇಕು. ಹೊಳೆಯುವ ಲೋಹದ ಮೇಲೆ ಹಿಡಿದರೆ ಅದೂ ಕಡಿಮೆ ತೋರಿಸುತ್ತದೆ. ಕಪ್ಪು ಇನ್ಸುಲೇಶನ್ ಟೇಪಿನ ಸಣ್ಣ ತುಂಡು ಚೋಕಿನ ಮೇಲೆ ಅಂಟಿಸಿ ಅದರ ಮೇಲೆ ಹಿಡಿ.

ಮಾಡಬೇಕಾದ್ದು: 4.4 ತೆಗೆದು ಆಟೋಗೆ ತಾ. ಹಳೇ ಕ್ಯಾಬಿನೆಟ್ಟಿನ ಒಂದು 120 ಎಂಎಂ ಫ್ಯಾನ್ ಹುಡುಕು, ಮಾಸ್ಫೆಟ್ಟಿನ ಮೇಲೆ ನೇರ ಊದುವ ಹಾಗೆ ಕಟ್ಟು. ಅಲ್ಯೂಮಿನಿಯಂ ತುಂಡನ್ನು ಥರ್ಮಲ್ ಟೇಪಿನಲ್ಲಿ ಅಂಟಿಸುವುದೂ ಉಂಟು, ಆದರೆ ಬಿಸಿಗೆ ಬಿಟ್ಟು ಗ್ರಾಫಿಕ್ಸ್ ಕಾರ್ಡಿನ ಮೇಲೆ ಬಿದ್ದರೆ ಶಾರ್ಟ್. ನಾನು ಹೇಳುವುದಿಲ್ಲ.

ಕೆಪಾಸಿಟರ್ ಉಬ್ಬಿದೆಯಾ ಅಂತಲೂ ನೋಡು. ಈಗಿನವು ಪಾಲಿಮರ್, ಹಳೇ ಕಾಲದ ಹಾಗೆ ಒಡೆಯುವುದು ಕಡಿಮೆ. 105 ಡಿಗ್ರಿಗೆ 5000 ಗಂಟೆ ಅಂತ ಇರುತ್ತದೆ. ಬಿಸಿ ಕಡಿಮೆ ಆದಷ್ಟೂ ಆಯಸ್ಸು ಬೇಗ ಬೇಗ ಏರುತ್ತದೆ. 105ರಲ್ಲೇ ಬೇಯಿಸಿದರೆ ಅಷ್ಟೇ ಗತಿ.

ಅಡಿಕೆತೋಟ_ಶಿರಸಿ
ಬುಧವಾರ ರಾತ್ರಿ 10:20

ಫ್ಯಾನ್ ಜೊತೆಗೆ ಬಯೋಸಿನಲ್ಲಿ ಪಿಬಿಓ (ಎಎಂಡಿಯ ಮಿತಿಗಳನ್ನು ಬದಲಿಸುವ ಸೆಟ್ಟಿಂಗ್) ಮ್ಯಾನುಯಲ್ ಮಾಡಿ ಪಿಪಿಟಿ, ಅಂದರೆ ಸಾಕೆಟ್ಟಿನ ವ್ಯಾಟ್ ಮಿತಿ, 110 ವ್ಯಾಟ್ ಇಡಿ. ನಿಮ್ಮ ಬೋರ್ಡಿನಲ್ಲಿ ಕರ್ವ್ ಆಪ್ಟಿಮೈಜರ್ ಇದ್ದರೆ ಎಲ್ಲ ಕೋರಿಗೂ ಮೈನಸ್ 10 ಹಾಕಿ. ಅದೇ ವೇಗಕ್ಕೆ ಸ್ವಲ್ಪ ಕಡಿಮೆ ವೋಲ್ಟ್. ಒಮ್ಮೆಲೇ ಮೈನಸ್ 30 ಹಾಕಬೇಡಿ. ಅದು ರೆಂಡರಿನಲ್ಲಿ ಅಲ್ಲ, ಸುಮ್ನೆ ಡೆಸ್ಕ್‌ಟಾಪಿನಲ್ಲಿ ಕೂತಾಗ ರೀಸ್ಟಾರ್ಟ್ ಮಾಡಿಸಿ ತಲೆ ಕೆಡಿಸುತ್ತದೆ.

ಒಂದು ನೆನಪಿಡಿ. ಬೋರ್ಡು ಪರೀಕ್ಷೆ ಮಾಡುವ ವಿಡಿಯೊಗಳಲ್ಲಿ ಕೋಣೆ 21ರಿಂದ 25 ಡಿಗ್ರಿ. ನಿಮ್ಮಲ್ಲಿ 33. ಅವರು 90 ತೋರಿಸಿದರೆ ನಿಮಗೆ 100 ಎಂದೇ ಓದಿಕೊಳ್ಳಿ. "ಈ ಬೋರ್ಡು 5900ಎಕ್ಸ್ ತಡೆಯುತ್ತದೆ" ಎಂದು ಅಲ್ಲಿ ಹೇಳಿದ್ದು ಕಾರವಾರದ ಏಪ್ರಿಲಿಗೆ ಹೇಳಿದ್ದಲ್ಲ.

ಕಾಳಿದಂಡೆ_ಕ್ಯಾಮೆರಾ
ಮುಂದಿನ ಸೋಮವಾರ ಬೆಳಗ್ಗೆ 6:10

ವರದಿ ಒಪ್ಪಿಸುತ್ತಿದ್ದೇನೆ.

ಇಪ್ಪತ್ತು ನಿಮಿಷದ ಒಂದೇ ತುಣುಕನ್ನು ಬೇರೆ ಬೇರೆ ಸೆಟ್ಟಿಂಗಿನಲ್ಲಿ ಸುತ್ತಿ ಸುತ್ತಿ ಒಂದು ಗಂಟೆ ರೆಂಡರ್ ಮಾಡಿದೆ. ಆಟೋ, 142 ವ್ಯಾಟ್, ಫ್ಯಾನ್ ಇಲ್ಲದೆ: ಮಾಸ್ 111, ಬೀಳಲಿಲ್ಲ ಆದರೆ ಅಂಚಿನಲ್ಲಿತ್ತು. ಅದಕ್ಕೇ ಫ್ಯಾನ್ ಕಟ್ಟಿದಾಗ 91. ಒಂದು ಹಳೇ ಫ್ಯಾನಿಗೆ ಇಪ್ಪತ್ತು ಡಿಗ್ರಿ! ಆಮೇಲೆ 110 ವ್ಯಾಟ್, ಮೈನಸ್ 10, ಫ್ಯಾನ್: 79. ಸಮಯ 142ಕ್ಕಿಂತ ನೂರಕ್ಕೆ ಐದರಷ್ಟು ಜಾಸ್ತಿ ಹಿಡಿಯಿತು, ಅಷ್ಟೇ. ಚೋಕಿನ ಮೇಲೆ ಟೇಪ್ ಅಂಟಿಸಿ ಗ್ಯಾರೇಜಿನವರ ಗನ್ನಿನಲ್ಲಿ ನೋಡಿದೆ, ಸೆನ್ಸರಿಗಿಂತ ಆರೇಳು ಡಿಗ್ರಿ ಕಡಿಮೆ ಬಂತು. ಸೆನ್ಸರ್ ಸುಳ್ಳು ಹೇಳುತ್ತಿಲ್ಲ ಎಂದುಕೊಂಡೆ.

ಹುಚ್ಚಿಗೆ ಫ್ಯಾನ್ ಇಟ್ಟುಕೊಂಡು 4.4, 1.3 ಇನ್ನೊಮ್ಮೆ ಹಾಕಿದೆ. ಅರ್ಧ ಗಂಟೆಗೆ 104. 0.54ಕ್ಕೆ ಬೀಳಲಿಲ್ಲ, ಆದರೆ ವ್ಹಿಯಾ 19 ಆರು ಸಲ. ತೆಗೆದುಬಿಟ್ಟೆ.

ನಿನ್ನೆ ರಾತ್ರಿ 10ಕ್ಕೆ ಪೂರ್ತಿ ಆಟ ರೆಂಡರಿಗೆ ಇಟ್ಟು ಮಲಗಿದೆ. ಎದ್ದು ನೋಡಿದರೆ 2:20ಕ್ಕೆ ಮುಗಿದಿದೆ. ಹಳೇ ಚಿಪ್ಪಿನಲ್ಲಿ ಇದೇ ಥರದ್ದು ಆರೂವರೆ ಗಂಟೆ ಹಿಡಿಯುತ್ತಿತ್ತು. ಚಿಪ್ಪೂ ಹಾಳಲ್ಲ, ಮಾರಿದವರೂ ಸುಳ್ಳು ಹೇಳಿರಲಿಲ್ಲ. ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಬೇಕು, ಸ್ವಲ್ಪ ಜೋರಾಗಿ ಮಾತಾಡಿದ್ದೆ.

ಫ್ಯಾನ್ ಕಟ್ಟಿದ ಫೋಟೋ ಹಾಕಿದ್ದೇನೆ.

ಅಂಕೋಲಾ_ಗೇಮರ್
ಸೋಮವಾರ ಬೆಳಗ್ಗೆ 9:30

ಸೂಪರ್ ಬ್ರೋ. ನಾನೂ 1.4 ತೆಗೆದು 1.28 ಮಾಡಿದೆ, 100 ಮೆಗಾಹರ್ಟ್ಸ್ ಕಡಿಮೆ. ಆಟದಲ್ಲಿ ಫ್ರೇಮ್ ಎರಡು ಕಡಿಮೆ, 19 ಸೊನ್ನೆ.

ಕುಮಟಾ_ಸೋಲ್ಡರ್
ಸೋಮವಾರ ಬೆಳಗ್ಗೆ 9:45

ತಮ್ಮ, ಫೋಟೋ ನೋಡಿದೆ. ಫ್ಯಾನನ್ನು ಎಂತದರಲ್ಲಿ ಕಟ್ಟಿದ್ದು? ಹಸಿರು ದಾರ ಕಾಣುತ್ತದೆ.

ಕಾಳಿದಂಡೆ_ಕ್ಯಾಮೆರಾ
ಸೋಮವಾರ ಬೆಳಗ್ಗೆ 9:52

ಬಲೆ ನೇಯುವ ನೈಲಾನ್ ದಾರ ಅಣ್ಣ. ಜಿಪ್ ಟೈ ಮುಗಿದಿತ್ತು. ಕರಗುತ್ತದಾ?

ಕುಮಟಾ_ಸೋಲ್ಡರ್
ಸೋಮವಾರ ಬೆಳಗ್ಗೆ 10:01

ಜಿಪ್ ಟೈ ಕೂಡ ನೈಲಾನೇ. 200 ದಾಟದೆ ಕರಗುವುದಿಲ್ಲ, ಅಷ್ಟರಲ್ಲಿ ಬೋರ್ಡೇ ಇರುವುದಿಲ್ಲ. ಗಂಟು ಮಾತ್ರ ಫ್ಯಾನಿನ ರೆಕ್ಕೆಗೆ ತಾಗದ ಹಾಗೆ ತುದಿ ಕತ್ತರಿಸು.